ಓದುಗರ ಪ್ರಶ್ನೆ: ಶಬ್ದ ಗೊತ್ತು, ಬಳಸಲು ಬರುವುದಿಲ್ಲ

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸೀನ್ರಿ. ದಿನಾ 50 ಇಂಗ್ಲಿಷ್ ಶಬ್ದ ಅರ್ಥದ ಸಮೇತ ಬಾಯಿಪಾಠ ಮಾಡ್ತೀನಿ. ವಾರದಾಗ ಅರ್ಧಕ್ಕರ್ಧ ಮರತಿರ್ತಾವು. ನೆನಪಿದ್ದವೂ ಕ್ಲೋಜ್ ಟೆಸ್ಟ್‌ನ್ಯಾಗ (ಬರಹದಾಗಿನ ಖಾಲಿ ಜಾಗಕ್ಕ ಸರಿಯಾದ ಶಬ್ದ ತುಂಬೂ ಪ್ರಶ್ನೆ) ಕೈ ಕೊಡ್ತಾವು. ಎಲ್ಲಿ ತಪ್ಪಾಗಾಕತ್ತದ?
– ಪರೀಕ್ಷಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಮೊದಲ ತೊಡಕು ಆ 50ರಲ್ಲೇ ಇದೆ. ಹತ್ತು ದಿನಕ್ಕೆ 500 ಶಬ್ದ ಸೇರಿದರೆ ಹಳೆಯವನ್ನು ತಿರುಗಿ ನೋಡಲು ಹೊತ್ತೇ ಉಳಿಯುವುದಿಲ್ಲ. ಮರುಕಳಿಕೆ ಇಲ್ಲದ ಬಾಯಿಪಾಠ ಮೊದಲ ಕೆಲವು ದಿನಗಳಲ್ಲೇ ವೇಗವಾಗಿ ಅಳಿಸಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟಿದ್ದಾರೆ. ದಿನಕ್ಕೆ ಎಂಟು ಸಾಕು. ಮರುದಿನ, 3ನೇ ದಿನ, 7ನೇ ದಿನ, 16ನೇ ದಿನ, ತಿಂಗಳ ನಂತರ ಒಮ್ಮೆ ಅವನ್ನು ಪರೀಕ್ಷಿಸಿಕೊಳ್ಳಿ. ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಅದು ಪರೀಕ್ಷೆಯಲ್ಲ. ಶಬ್ದವನ್ನು ಮುಚ್ಚಿ, ಕನ್ನಡ ಅರ್ಥ ನೋಡಿ, ಇಂಗ್ಲಿಷ್ ಶಬ್ದವನ್ನು ಬರೆಯಬೇಕು. ತಪ್ಪಿದ ಶಬ್ದ ಮತ್ತೆ ಮೊದಲ ದಿನದ ಗುಂಪಿಗೆ. ‘ಆಂಕಿ’ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಉಚಿತ, ಈ ಲೆಕ್ಕವನ್ನು ತಾನೇ ಇಡುತ್ತದೆ. ಅದರಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ನಿಗದಿಯಾಗಿರುತ್ತದೆ. ಅದನ್ನು 8ಕ್ಕೆ ಇಳಿಸಿ, ಇಲ್ಲವಾದರೆ ಬಾಕಿ ಬೆಳೆದು ಬೇಸರವಾಗಿ ಬಿಟ್ಟುಬಿಡುತ್ತೀರಿ.

ಇನ್ನು ಕ್ಲೋಜ್ ಟೆಸ್ಟ್. ಅರ್ಥವೊಂದೇ ಗೊತ್ತಿದ್ದರೆ ಅಲ್ಲಿ ಸಾಲದು, ಆ ಶಬ್ದ ಯಾವುದರ ಜೊತೆ ಬರುತ್ತದೆ ಎಂಬುದೂ ಗೊತ್ತಿರಬೇಕು. ನಮ್ಮ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕನ್ನಡದ ವಾಕ್ಯರಚನೆ. ‘ಬಗ್ಗೆ ಚರ್ಚಿಸು’ ಎನ್ನುವ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ, ‘ಮೇಲೆ ಒತ್ತು ಕೊಡು’ ಎನ್ನುವುದರಿಂದ ‘ಎಂಫಸೈಜ್ ಆನ್’. ಎರಡೂ ತಪ್ಪು, ಆ ಕ್ರಿಯಾಪದಗಳಿಗೆ ನಡುವೆ ಏನೂ ಬೇಡ, ನೇರ ಕರ್ಮ ಬರುತ್ತದೆ. ‘ಕೋಪ್ ಅಪ್ ವಿತ್’ ಕೂಡ ತಪ್ಪು, ‘ಕೋಪ್ ವಿತ್’ ಸರಿ.

ಆದ್ದರಿಂದ ನೋಟ್‌ಬುಕ್‌ನಲ್ಲಿ ಒಂದು ಶಬ್ದಕ್ಕೆ ನಾಲ್ಕು ಸಾಲು ಕೊಡಿ. ‘ಕಂಪ್ಲೈ’ (ಪಾಲಿಸು) ತೆಗೆದುಕೊಳ್ಳೋಣ. ಮೊದಲ ಸಾಲಿಗೆ ಜೋಡಿಯನ್ನೇ ಬರೆಯಿರಿ: ‘ಕಂಪ್ಲೈ ವಿತ್ ದ ರೂಲ್ಸ್’. ಎರಡನೆಯದಕ್ಕೆ ಅದು ಸಿಕ್ಕ ವಾಕ್ಯ, ಇದ್ದ ಹಾಗೆ. ಮೂರನೆಯದಕ್ಕೆ ಅದರ ಬಳಗ: ‘ಕಂಪ್ಲಾಯನ್ಸ್’, ‘ಇನ್ ಕಂಪ್ಲಾಯನ್ಸ್ ವಿತ್’. ನಾಲ್ಕನೆಯದು ನಿಮ್ಮದೇ ವಾಕ್ಯ, ಕಣ್ಣೆದುರಿನ ಸಂಗತಿಯ ಮೇಲೆ: ‘ಎವ್ರಿ ಶಾಪ್ ಆನ್ ಸುಭಾಸ್ ರೋಡ್ ಮಸ್ಟ್ ಕಂಪ್ಲೈ ವಿತ್ ದ ಪಾರ್ಕಿಂಗ್ ರೂಲ್ಸ್.’ ಈ ನಾಲ್ಕನೇ ಸಾಲನ್ನು ಬಹಳ ಜನ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಶಬ್ದ ನಿಮ್ಮದಾಗುವುದು ಅಲ್ಲಿಯೇ.

ಸಂಪಾದಕೀಯ ಓದುವಾಗ ಸಾಲು ಸಾಲಿಗೆ ಡಿಕ್ಷನರಿ ತೆರೆಯಬೇಡಿ. ಒಂದು ಸಲ ಪೂರ್ತಿ ಓದಿ, ಗೊತ್ತಿಲ್ಲದ್ದಕ್ಕೆ ಅಡಿಗೆರೆ ಹಾಕಿ, ಅದರಲ್ಲಿ ಐದಾರನ್ನು ಮಾತ್ರ ಆರಿಸಿ. 100 ಶಬ್ದಕ್ಕೆ ಎರಡು ಹೊಸದಿದ್ದರೆ ಆ ಬರಹ ನಿಮ್ಮ ಮಟ್ಟದ್ದು. ಹತ್ತು ಇದ್ದರೆ ಸದ್ಯಕ್ಕೆ ಸುಲಭದ ಬರಹಕ್ಕೆ ಇಳಿಯಿರಿ.

ಪ್ರಶ್ನೆ: ಲ್ಯಾಟಿನ್, ಗ್ರೀಕ್ ಮೂಲಧಾತುಗಳನ್ನು ಕಲಿಸಿದರೆ ನೂರಾರು ಶಬ್ದಗಳ ಅರ್ಥ ತಾನೇ ಹೊಳೆಯುತ್ತದೆ ಎನ್ನುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಸರಿಹೋದೀತೇ?
– ಪ್ರೌಢಶಾಲಾ ಶಿಕ್ಷಕಿ, ಗದಗ

ಉತ್ತರ: ನೆನಪಿಡಲು ಒಳ್ಳೆಯದು, ಊಹಿಸಲು ಅಪಾಯ. ‘ಇನ್’ ಎಂದರೆ ‘ಅಲ್ಲ’ ಎಂದು ಕಲಿತ ಮಗು ‘ಇನ್‌ವ್ಯಾಲ್ಯುಅಬಲ್’ ನೋಡಿ ಬೆಲೆಯಿಲ್ಲದ್ದು ಎಂದುಕೊಳ್ಳುತ್ತದೆ. ನಿಜವಾದ ಅರ್ಥ ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತುವಂಥದ್ದೇ. ಶಬ್ದವನ್ನು ವಾಕ್ಯದಲ್ಲಿ ಮೊದಲು ಕಲಿಸಿ, ಧಾತುವನ್ನು ಆಮೇಲೆ ತೋರಿಸಿ.

ಯಾವ ಶಬ್ದಗಳು ಎಂಬುದಕ್ಕೆ ಒಂದು ಗಟ್ಟಿ ಆಧಾರವಿದೆ. ನ್ಯೂಜಿಲೆಂಡ್‌ನ ಭಾಷಾವಿಜ್ಞಾನಿ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ನಲ್ಲಿ 570 ಶಬ್ದ ಕುಟುಂಬಗಳಿವೆ (ಒಂದು ಶಬ್ದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಉನ್ನತ ಶಿಕ್ಷಣದ ಪಠ್ಯಗಳಲ್ಲಿ ಸುಮಾರು ಶೇ. 10ರಷ್ಟು ಅವೇ ಇರುತ್ತವೆ. ಸಾಮಾನ್ಯ ಬಳಕೆಯ 2000 ಶಬ್ದ ಗಟ್ಟಿಯಾದ ಮಕ್ಕಳಿಗೆ ಅಲ್ಲಿಂದ ಶುರು ಮಾಡಿ. ವಾರಕ್ಕೆ ಹತ್ತು ಕುಟುಂಬ ಹಿಡಿದರೆ ಒಂದು ವರ್ಷದ ಮೇಲೆ ಸ್ವಲ್ಪ ದಿನಕ್ಕೆ ಮುಗಿಯುತ್ತದೆ.

ಕುಟುಂಬವನ್ನು ಕಲಿಸುವಾಗ ಒತ್ತು ಎಲ್ಲಿ ಬೀಳುತ್ತದೆ ಎಂದು ಬೋರ್ಡಿನ ಮೇಲೆ ಗುರುತು ಹಾಕಿ. ‘ಅನಲೈಸ್’ನಲ್ಲಿ ಮೊದಲ ಅಕ್ಷರದ ಮೇಲೆ, ‘ಅನ್ಯಾಲಿಸಿಸ್’ನಲ್ಲಿ ಎರಡನೆಯದರ ಮೇಲೆ, ‘ಅನಲಿಟಿಕಲ್’ನಲ್ಲಿ ಮೂರನೆಯದರ ಮೇಲೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ, ಹಾಗಾಗಿ ಓದಿ ಗೊತ್ತಿರುವ ಶಬ್ದವೂ ಕಿವಿಗೆ ಬಿದ್ದಾಗ ಮಕ್ಕಳಿಗೆ ಗುರುತು ಸಿಗುವುದಿಲ್ಲ.

ಪ್ರಶ್ನೆ: ಒಣಮೆಣಸಿನಕಾಯಿ ವ್ಯಾಪಾರ ನಮ್ಮದು. ಹೊರದೇಶದವರಿಗೆ ಮೇಲ್ ಬರೆಯಬೇಕು. ಇಂಗ್ಲಿಷ್ ಸ್ವಲ್ಪ ಭಾರಿ ಇರಲಿ ಎಂಬ ಆಸೆ.
– ವ್ಯಾಪಾರಿ, ಬ್ಯಾಡಗಿ

ಉತ್ತರ: ಭಾರಿ ಬೇಡ ಸರ್, ಖಚಿತವಾಗಿರಲಿ. ಬ್ಯಾಡಗಿ ಕಾಯಿಯ ಹೆಚ್ಚುಗಾರಿಕೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು. ಅದನ್ನು ‘ಹೈ ಇನ್ ಕಲರ್, ಲೋ ಇನ್ ಪಂಜೆನ್ಸಿ’ ಎಂದು ಬರೆಯಿರಿ. ಖಾರಕ್ಕೆ ‘ಹಾಟ್’ ಎಂದರೆ ಬಿಸಿ ಎಂದೂ ಆಗುತ್ತದೆ, ‘ಸ್ಪೈಸಿ’ ಎಂದರೆ ಮಸಾಲೆಯುಕ್ತ ಎಂದೂ ಆಗುತ್ತದೆ. ‘ಪಂಜೆಂಟ್’ ಈ ವ್ಯಾಪಾರದವರ ಶಬ್ದ. ಸುಕ್ಕುಗಟ್ಟಿದ ಸಿಪ್ಪೆಗೆ ‘ರಿಂಕಲ್ಡ್’, ತೇವಾಂಶಕ್ಕೆ ‘ಮಾಯಿಸ್ಚರ್ ಕಂಟೆಂಟ್’, ಬಣ್ಣದ ಸಾರ ತೆಗೆಯುವ ಕಾರ್ಖಾನೆಯವರಿಗಾದರೆ ಆ ಸಾರಕ್ಕೆ ‘ಓಲಿಯೋರೆಸಿನ್’. ಇಂಥ 30–40 ಶಬ್ದ ಪಕ್ಕಾ ಮಾಡಿಕೊಳ್ಳಿ.

‘ಪ್ಲೀಸ್ ರಿವರ್ಟ್’ ಬಿಡಿ. ನಮ್ಮಲ್ಲಿ ಅದು ಉತ್ತರ ಕೊಡಿ ಎಂದಾದರೂ ಹೊರಗಿನವರಿಗೆ ಹಿಂದಿನ ಸ್ಥಿತಿಗೆ ಮರಳುವುದು ಎಂದೇ ಮೊದಲು ಹೊಳೆಯುತ್ತದೆ. ‘ಪ್ಲೀಸ್ ರಿಪ್ಲೈ’ ಸಾಕು. ‘ಡು ದ ನೀಡ್‌ಫುಲ್’ ಬದಲು ಏನು ಮಾಡಬೇಕೋ ಅದನ್ನೇ ಹೇಳಿ: ‘ಪ್ಲೀಸ್ ಕನ್ಫರ್ಮ್ ದ ಆರ್ಡರ್ ಬೈ ಫ್ರೈಡೇ.’

ಪ್ರಶ್ನೆ: ದಿನಾಲೂ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ–ಧಾರವಾಡ ಓಡಾಟ. ಆ ಹೊತ್ತನ್ನು ಬಳಸಬಹುದೇ?
– ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಉಚಿತವಾಗಿದೆ, ಬರಹರೂಪವೂ ಜೊತೆಗೇ ಸಿಗುತ್ತದೆ. ಹೋಗುವಾಗ ಬರಹ ನೋಡದೆ ಒಮ್ಮೆ ಕೇಳಿ, ಮೊಬೈಲಿನಲ್ಲಿ ಬರಹ ಓದಿ, ಮತ್ತೊಮ್ಮೆ ಕೇಳಿ. ಬರುವಾಗ ಅದೇ ಕಂತನ್ನು ಹಾಕಿ, ಹೊಸದು ಬೇಡ. ಸಂಜೆಯೂ ಕಿವಿಗೆ ಸಿಗದ ಶಬ್ದಗಳನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿ.