ಹೂ ಮುಡಿದವರಿಗಿಂತ ಮೊದಲು ಟೈ ಕಟ್ಟಿದವರಿದ್ದರು

ಪ್ರಿಯರೇ,

‘ಅಮೆರಿಕದ ಸಾಮಾಜಿಕ ಪರಿವರ್ತನೆ ಮತ್ತು ಪ್ರತಿಸಂಸ್ಕೃತಿ: 1960ರಿಂದ 1975’ ಎಂಬ ಹೆಸರಿನಲ್ಲಿ ನೀವು ಕಾಲೇಜಿಗೆ ಒಪ್ಪಿಸಲಿರುವ ಸಂಶೋಧನಾ ವರದಿಯ ಕರಡನ್ನು ಎರಡು ಸಲ ಓದಿದೆ. (ಪ್ರತಿಸಂಸ್ಕೃತಿಯೆಂದರೆ ಸಮಾಜದ ರೂಢಿಗಳಿಗೆ ಎದುರಾಗಿ ನಿಂತ ಬದುಕಿನ ರೀತಿ.) ಒಪ್ಪಿಸಲು ಇನ್ನೂ ಆರು ವಾರವಿದೆ ಎಂದು ತಿಳಿಸಿ, ಅದರ ಒಂದು ಭಾಗವನ್ನು ನಮ್ಮ ಪತ್ರಿಕೆಯಲ್ಲಿ ಲೇಖನವಾಗಿ ಪ್ರಕಟಿಸಲು ಸಾಧ್ಯವೇ ಎಂದು ಕೇಳಿದ್ದೀರಿ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ನಿಮ್ಮ ಶ್ರಮ ಪುಟಪುಟದಲ್ಲೂ ಕಾಣುವುದರಿಂದ, ಬರಿಯ ವಿಷಾದದ ಟಿಪ್ಪಣಿ ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ಮೂವತ್ತೆಂಟು ಪುಟಗಳಲ್ಲಿ ನಾಗರಿಕ ಹಕ್ಕುಗಳ ಹೋರಾಟಕ್ಕೆ ಎರಡು ಪುಟ, ವಿಯೆಟ್ನಾಂ ಯುದ್ಧಕ್ಕೆ ಮೂರು, ಮಹಿಳಾ ಚಳವಳಿಗೆ ಒಂದು, ಹಿಪ್ಪಿಗಳಿಗೆ ಹನ್ನೊಂದು. ಆ ಹನ್ನೊಂದರಲ್ಲಿ ಆರು ಪುಟಗಳನ್ನು ವುಡ್‌ಸ್ಟಾಕ್ ಸಂಗೀತೋತ್ಸವವೊಂದೇ ತಿಂದಿದೆ. ನಮ್ಮಲ್ಲಿ ಕೂದಲು ಬೆಳೆಸಿದವನನ್ನು ಕಂಡರೆ ‘ಹಿಪ್ಪಿ ಬಿಟ್ಟಿದ್ದಾನೆ’ ಅನ್ನುವುದು ಇಂದಿಗೂ ರೂಢಿಯಲ್ಲಿದೆ. ಆ ದಶಕ ನಮ್ಮ ಕಣ್ಣಿಗೆ ಬಿದ್ದದ್ದೇ ಕೂದಲು, ಹೂವು, ಗಿಟಾರಿನ ಮೂಲಕ. ನಿಮ್ಮ ವರದಿಯೂ ಅದೇ ಬಾಗಿಲಿನಿಂದ ಒಳಗೆ ಹೋಗಿ, ಅದೇ ಬಾಗಿಲಿನಿಂದ ಹೊರಗೆ ಬಂದಿದೆ. ಪರಿವರ್ತನೆಯ ಫಲವಾಗಿ ಕಾಣಿಸಿಕೊಂಡ ವೇಷವನ್ನು ನೀವು ಪರಿವರ್ತನೆಯ ಕಾರಣವೆಂದು ತಿಳಿದಿದ್ದೀರಿ. ನನ್ನ ಮುಖ್ಯ ಆಕ್ಷೇಪ ಇದೇ.

ಆದರೂ ನಿಮ್ಮ ಒಂಬತ್ತನೆಯ ಪುಟದ ಒಂದು ಪ್ಯಾರಾ ನನ್ನನ್ನು ಹಿಡಿದು ನಿಲ್ಲಿಸಿತು. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ಕಪ್ಪು ಜನಾಂಗದ ನಾಲ್ವರು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಗೆ ಹೋಗಿ ಟೂತ್‌ಪೇಸ್ಟ್ ಮೊದಲಾದ ಸಣ್ಣಪುಟ್ಟ ಸಾಮಾನು ಕೊಂಡು, ಬಳಿಕ ಅದೇ ಅಂಗಡಿಯ ಉಪಾಹಾರದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದ್ದನ್ನು ಅಲ್ಲಿ ಬರೆದಿದ್ದೀರಿ. ಟೂತ್‌ಪೇಸ್ಟಿಗೆ ಅವರ ಹಣವನ್ನು ಎಣಿಸಿಕೊಂಡ ಅಂಗಡಿ ಕಾಫಿ ಕೊಡಲು ಒಪ್ಪಲಿಲ್ಲ. ಒಂದೇ ಸೂರಿನಡಿ, ಕೆಲವೇ ಹೆಜ್ಜೆಗಳ ಅಂತರದಲ್ಲಿ ನಡೆದ ಈ ಎರಡು ವ್ಯವಹಾರಗಳನ್ನು ಓದಿದವರಿಗೆ ವರ್ಣಭೇದವೆಂದರೇನೆಂದು ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಅಲ್ಲಿ ನೀವು ಒಂದೂ ವಿಶೇಷಣ ಬಳಸಿಲ್ಲ. ಮುಂದಿನ ಪುಟದಲ್ಲಿಯೇ ‘ಯುವಜನತೆಯ ಎದೆಯಲ್ಲಿ ಕ್ರಾಂತಿಯ ಕಿಡಿ ಹೊತ್ತಿತು’ ಎಂದು ಬರೆದಿದ್ದೀರಿ. ಈ ವಾಕ್ಯವನ್ನು ಯಾವ ದೇಶದ, ಯಾವ ಕಾಲದ ಚಳವಳಿಗೆ ಅಂಟಿಸಿದರೂ ಅಂಟುತ್ತದೆ, ದಯವಿಟ್ಟು ತೆಗೆದುಹಾಕಿ.

ಕಿಡಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹುಡುಕಿದ್ದರೆ ನಿಮಗೆ ದಾರಿ ಸಿಗುತ್ತಿತ್ತು. 1964ರ ಬೇಸಿಗೆಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆಂದು ಉತ್ತರದ ಮತ್ತು ಪಶ್ಚಿಮದ ಕಾಲೇಜುಗಳಿಂದ ನೂರಾರು ವಿದ್ಯಾರ್ಥಿಗಳು ಮಿಸಿಸಿಪ್ಪಿಗೆ ಹೋದರು. ಅವರಲ್ಲಿ ಕೆಲವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೆ ಮರಳಿದಾಗ, ಪ್ರವೇಶದ್ವಾರದ ಬಳಿಯ ಕಾಲುದಾರಿಯಲ್ಲಿ ಮೇಜು ಹಾಕಿಕೊಂಡು ಕರಪತ್ರ ಹಂಚುವುದನ್ನೂ ಚಳವಳಿಗೆ ಹಣ ಕೂಡಿಸುವುದನ್ನೂ ಆಡಳಿತ ನಿಷೇಧಿಸಿತು. ಅಕ್ಟೋಬರ್ 1ರಂದು ನಾಗರಿಕ ಹಕ್ಕುಗಳ ಸಂಘಟನೆಯೊಂದರ ಮೇಜಿನ ಹಿಂದೆ ಕೂತಿದ್ದ ಜ್ಯಾಕ್ ವೈನ್‌ಬರ್ಗ್ ಅವರನ್ನು ಬಂಧಿಸಿ ಪೊಲೀಸರು ಕಾರಿನೊಳಗೆ ಕೂರಿಸಿದರು. ವಿದ್ಯಾರ್ಥಿಗಳು ಆ ಕಾರಿನ ಸುತ್ತ ನೆಲದ ಮೇಲೆ ಕೂತುಬಿಟ್ಟರು. ಸುಮಾರು 32 ಗಂಟೆಗಳ ಕಾಲ ಕಾರು ಅಲ್ಲಾಡಲಿಲ್ಲ, ಬಂಧಿತ ವ್ಯಕ್ತಿಯೂ ಅದರೊಳಗೇ ಇದ್ದರು. ಕಾರಿನ ಮಾಡೇ ವೇದಿಕೆಯಾಯಿತು. ಅದೇ ಬೇಸಿಗೆಯನ್ನು ಮಿಸಿಸಿಪ್ಪಿಯಲ್ಲಿ ಕಳೆದು ಬಂದಿದ್ದ, ತತ್ತ್ವಶಾಸ್ತ್ರ ಓದುತ್ತಿದ್ದ ಮಾರಿಯೊ ಸಾವಿಯೊ ಮಾತಾಡಲೆಂದು ಅದರ ಮೇಲೆ ಹತ್ತುವ ಮುನ್ನ, ಕಾರಿಗೆ ಹಾನಿಯಾಗಬಾರದೆಂದು ಬೂಟು ಕಳಚಿಟ್ಟರು.

ಈ ಬೂಟಿನ ಸಂಗತಿ ನಿಮ್ಮ ವರದಿಯಲ್ಲಿ ಇಲ್ಲ, ಇರಬೇಕಾಗಿತ್ತು. ಆ ದಿನಗಳ ಛಾಯಾಚಿತ್ರಗಳನ್ನು ಒಂದರ್ಧ ಗಂಟೆ ನೋಡಿ: ಹುಡುಗರಲ್ಲಿ ಅನೇಕರು ಕೋಟು ತೊಟ್ಟು ಟೈ ಕಟ್ಟಿದ್ದಾರೆ, ಕೂದಲು ಕತ್ತರಿಸಿಕೊಂಡಿದ್ದಾರೆ, ಹುಡುಗಿಯರು ಲಂಗ ತೊಟ್ಟು ಅಚ್ಚುಕಟ್ಟಾಗಿ ನಿಂತಿದ್ದಾರೆ. ಹಿಪ್ಪಿಗಳು ಹೂ ಮುಡಿದ 1967ರ ಬೇಸಿಗೆ ಬರಲು ಇನ್ನೂ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಿತ್ತು. ಡಿಸೆಂಬರಿನಲ್ಲಿ ಆಡಳಿತ ಕಚೇರಿಯ ಕಟ್ಟಡದೊಳಗೆ ಧರಣಿ ಕೂತ ಸುಮಾರು 800 ಮಂದಿಯನ್ನು ಬಂಧಿಸಲಾಯಿತು. ಡಿಸೆಂಬರ್ 8ರಂದು ಅಧ್ಯಾಪಕರ ಸಭೆ 824ಕ್ಕೆ 115 ಮತಗಳಿಂದ ವಿದ್ಯಾರ್ಥಿಗಳ ಪರವಾಗಿ ನಿರ್ಣಯ ಮಾಡಿತು. ವಿದ್ಯಾರ್ಥಿಗಳಿಗೆ ಸಿಟ್ಟಿದ್ದದ್ದು ಮೇಜಿನ ನಿಷೇಧವೊಂದರ ಮೇಲೆಯೇ ಅಲ್ಲ. ಇಪ್ಪತ್ತೈದು ಸಾವಿರ ಮೀರಿದ ವಿದ್ಯಾರ್ಥಿಗಳ ಆ ಆವರಣದಲ್ಲಿ ಪ್ರತಿಯೊಬ್ಬರ ದಾಖಲಾತಿಯೂ ಕಂಪ್ಯೂಟರಿನ ತೂತು ಹೊಡೆದ ಕಾರ್ಡಾಗಿತ್ತು. ‘ಮಡಚಬೇಡಿ, ಚುಚ್ಚಬೇಡಿ, ಹರಿಯಬೇಡಿ’ ಎಂದು ಅಂಥ ಕಾರ್ಡುಗಳ ಮೇಲೆ ಅಚ್ಚಾಗುತ್ತಿದ್ದ ಎಚ್ಚರಿಕೆಯನ್ನೇ ವಿದ್ಯಾರ್ಥಿಗಳು ತಮ್ಮ ಎದೆಯ ಮೇಲೆ ಘೋಷಣೆಯಾಗಿ ಧರಿಸಿದರು. ಯುದ್ಧಾನಂತರ ಹುಟ್ಟಿದ ದೊಡ್ಡ ಪೀಳಿಗೆ, ಏಕಾಏಕಿ ಹಿಗ್ಗಿದ ವಿಶ್ವವಿದ್ಯಾಲಯಗಳು, ತಾನು ಬರಿಯ ಒಂದು ಸಂಖ್ಯೆಯಾಗುತ್ತಿದ್ದೇನೆಂಬ ಹದಿಹರೆಯದ ಆತಂಕ, ಇವೆಲ್ಲ ಆ ಒಂದು ಕಾರ್ಡಿನಲ್ಲಿವೆ. ನೀವು ಇದೇ ಸಂಗತಿಗಳನ್ನು ‘ಜನಸಂಖ್ಯಾತ್ಮಕ ಹಿನ್ನೆಲೆ’ ಎಂಬ ಉಪಶೀರ್ಷಿಕೆ ಕೊಟ್ಟು ನಾಲ್ಕು ಪುಟ ಎಳೆದಿದ್ದೀರಿ.

ಆದ್ದರಿಂದ ನನ್ನ ಸಲಹೆಯೆಂದರೆ, ಹದಿನೈದು ವರ್ಷಗಳನ್ನು ಬಿಟ್ಟುಕೊಡಿ. 1964ರ ಸೆಪ್ಟೆಂಬರಿನಿಂದ 1967ರ ಜನವರಿಯವರೆಗಿನ ಬರ್ಕ್ಲಿಯನ್ನು ಮಾತ್ರ ಹಿಡಿದುಕೊಳ್ಳಿ. ಅಷ್ಟರಲ್ಲಿ ನಿಮ್ಮ ಪ್ರಶ್ನೆಗಳೆಲ್ಲ ಅಡಕವಾಗುತ್ತವೆ. 1967ರ ಜನವರಿ 14ರಂದು ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಸಾವಿರಾರು ಜನ ಸೇರಿದ್ದನ್ನು ನೀವು ಹಿಪ್ಪಿಗಳ ಹಬ್ಬವೆಂದಷ್ಟೇ ಬರೆದಿದ್ದೀರಿ. ಅದನ್ನು ಏರ್ಪಡಿಸಿದವರ ಉದ್ದೇಶವೇ ಬರ್ಕ್ಲಿಯ ರಾಜಕೀಯ ಹೋರಾಟಗಾರರನ್ನೂ ಹೈಟ್-ಆಶ್‌ಬರಿ ಬಡಾವಣೆಯ ಹಿಪ್ಪಿಗಳನ್ನೂ ಒಂದೇ ಬಯಲಿಗೆ ತರುವುದಾಗಿತ್ತು. ಒಂದುಗೂಡಿಸಬೇಕಾಗಿ ಬಂದಿತೆಂದರೆ ಅವರು ಬೇರೆ ಬೇರೆಯಾಗಿದ್ದರೆಂದೇ ಅರ್ಥ. ಒಬ್ಬರು ವ್ಯವಸ್ಥೆಯನ್ನು ಬದಲಿಸಹೊರಟವರು, ಇನ್ನೊಬ್ಬರು ವ್ಯವಸ್ಥೆಯಿಂದ ಎದ್ದು ಹೊರಟವರು. ‘ಪ್ರತಿಸಂಸ್ಕೃತಿ’ ಎಂಬ ಒಂದೇ ಚೀಲದಲ್ಲಿ ಇಬ್ಬರನ್ನೂ ತುಂಬಿದ್ದೀರಿ. ಆ ಪದವಾದರೂ ಜನರ ಬಾಯಿಗೆ ಬಂದದ್ದು ದಶಕದ ಕೊನೆಯಲ್ಲಿ, ಥಿಯೊಡರ್ ರೋಜಾಕ್ ಅವರ ಪುಸ್ತಕ 1969ರಲ್ಲಿ ಪ್ರಕಟವಾದ ಮೇಲೆ. 1960ರ ಗ್ರೀನ್ಸ್‌ಬರೊಗೆ ಆ ಹೆಸರಿಡುವ ಮುನ್ನ ಯೋಚಿಸಿ.

‘ಅಮೆರಿಕದ ಸಮಾಜವೇ ಬುಡಮೇಲಾಯಿತು’ ಎಂಬ ನಿಮ್ಮ ತೀರ್ಮಾನವನ್ನಂತೂ ಒಪ್ಪಲಾರೆ. ಬರ್ಕ್ಲಿಯ ಗಲಾಟೆಯನ್ನು ಅಡಗಿಸುತ್ತೇನೆಂದು ಪ್ರಚಾರ ಮಾಡಿದ ರೊನಾಲ್ಡ್ ರೇಗನ್ 1966ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಗೆದ್ದರು. ಅವರು ಅಧಿಕಾರ ವಹಿಸಿಕೊಂಡ ತಿಂಗಳೇ ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್ ಅವರನ್ನು ಮನೆಗೆ ಕಳಿಸಲಾಯಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಅಭ್ಯರ್ಥಿಯನ್ನು 1972ರಲ್ಲಿ ಎದುರಿಸಿದ ರಿಚರ್ಡ್ ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದರು. ಇವರಿಗೆ ಮತ ಹಾಕಿದವರೂ ಅಮೆರಿಕನ್ನರೇ, ಅವರೂ ಅದೇ ಕಾಲದಲ್ಲಿ ಬಾಳಿದವರೇ. ನಿಮ್ಮ ಮೂವತ್ತೆಂಟು ಪುಟಗಳಲ್ಲಿ ಅವರಿಗೆ ಒಂದು ಸಾಲೂ ಇಲ್ಲ. 1970ರ ಮೇ 4ರಂದು ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದದ್ದನ್ನು ಮನಕರಗುವಂತೆ ಬರೆದಿದ್ದೀರಿ. ಹನ್ನೊಂದು ದಿನಗಳ ನಂತರ ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಪೊಲೀಸರ ಗುಂಡಿಗೆ ಕಪ್ಪು ಜನಾಂಗದ ಇಬ್ಬರು ಯುವಕರು ಸತ್ತರು. ಅವರನ್ನು ಮರೆತ ಬರಹಗಳ ಸಾಲಿಗೆ ನಿಮ್ಮದು ಸೇರಬಾರದು.

ಕೊನೆಯ ಅಧ್ಯಾಯದಲ್ಲಿ ಹಿಪ್ಪಿಗಳನ್ನು ಹನ್ನೆರಡನೆಯ ಶತಮಾನದ ಶರಣರಿಗೆ ಹೋಲಿಸಿದ್ದೀರಿ. ಇಬ್ಬರೂ ಸ್ಥಾಪಿತ ವ್ಯವಸ್ಥೆಯನ್ನು ಧಿಕ್ಕರಿಸಿದರು ಎಂಬಷ್ಟಕ್ಕೆ ಹೋಲಿಕೆ ನಿಲ್ಲುತ್ತದೆ. ದುಡಿಮೆಯ ಲೋಕದಿಂದ ಹೊರಬೀಳಿ ಎಂದು ಕರೆ ಕೊಟ್ಟವರನ್ನು, ಕಾಯಕವೇ ಕೈಲಾಸ ಎಂದವರ ಪಕ್ಕದಲ್ಲಿ ಕೂರಿಸುವುದು ಹೇಗೆ? ಭಾರತದ ನಂಟು ಬೇಕೇ ಬೇಕೆಂದಿದ್ದರೆ ಕಲ್ಯಾಣದ ಬದಲು ನಾಗಪುರಕ್ಕೆ ಹೋಗಿ. ಜೇಮ್ಸ್ ಲಾಸನ್ ಎಂಬ ಕಪ್ಪು ಜನಾಂಗದ ಪಾದ್ರಿ 1953ರಿಂದ ಕೆಲವು ವರ್ಷ ಅಲ್ಲಿನ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದರು. ಊರಿಗೆ ಮರಳಿದ ಮೇಲೆ ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳಿಗೆ, ಬೈದರೂ ಹೊಡೆದರೂ ಕೈ ಎತ್ತದೆ ಕೂರುವುದನ್ನು ನಾಟಕದಂತೆ ಆಡಿಸಿ ಕಲಿಸಿದರು. 1960ರ ಫೆಬ್ರವರಿಯಲ್ಲಿ ಆ ವಿದ್ಯಾರ್ಥಿಗಳೇ ನ್ಯಾಶ್‌ವಿಲ್ ಅಂಗಡಿಗಳ ಕೌಂಟರುಗಳಲ್ಲಿ ಕೂತರು. ಇದು ಊಹೆಯ ನಂಟಲ್ಲ. ಊರು, ಇಸವಿ, ವ್ಯಕ್ತಿ ಎಲ್ಲವೂ ದಾಖಲೆಯಲ್ಲಿವೆ.

ಇನ್ನೊಂದು ನಂಟು ನಿಮ್ಮ ಮನೆಯಲ್ಲೇ ಇದೆ. 1971ರಲ್ಲಿ ಎಂಜಿನಿಯರಾಗಿ ಮಿಷಿಗನ್‌ಗೆ ಹೋದ ನಿಮ್ಮ ದೊಡ್ಡಪ್ಪನವರನ್ನು ನೆನೆದು, ‘ಪ್ರತಿಸಂಸ್ಕೃತಿಯ ಉದಾರತೆ’ ನಮ್ಮವರಿಗೆ ಬಾಗಿಲು ತೆರೆಯಿತು ಎಂದಿದ್ದೀರಿ. 1946ರ ಕಾನೂನಿನಂತೆ ಭಾರತಕ್ಕಿದ್ದ ವಲಸೆಯ ಪಾಲು ವರ್ಷಕ್ಕೆ ಬರೀ 100 ಮಂದಿ. ರಾಷ್ಟ್ರವಾರು ಪಾಲಿನ ಆ ಪದ್ಧತಿಯನ್ನು ರದ್ದುಮಾಡಿದ್ದು 1965ರ ವಲಸೆ ಕಾನೂನು. ಅದು ನಾಗರಿಕ ಹಕ್ಕುಗಳ ಹೋರಾಟ ಜನಾಂಗಭೇದವನ್ನು ನಾಚಿಕೆಗೇಡಿನ ಸಂಗತಿಯಾಗಿಸಿದ ಹೊತ್ತಿನಲ್ಲಿ ಶಾಸಕಾಂಗದಿಂದ ಬಂದ ಕಾನೂನು, ಹಿಪ್ಪಿಗಳ ಕೊಡುಗೆಯಲ್ಲ. ನಿಮ್ಮ ದೊಡ್ಡಪ್ಪನವರಿಗೆ ಬಾಗಿಲು ತೆಗೆದವರಲ್ಲಿ ಗ್ರೀನ್ಸ್‌ಬರೊದ ಆ ನಾಲ್ವರೂ ಇದ್ದಾರೆ. ಒಂಬತ್ತನೆಯ ಪುಟವನ್ನು ಅಷ್ಟು ಚೆನ್ನಾಗಿ ಬರೆದ ನಿಮಗೆ ಈ ಎಳೆ ಕಾಣಲಿಲ್ಲವಲ್ಲ ಎಂದು ನೊಂದುಕೊಂಡೆ.

ಆಕರಗಳ ಬಗ್ಗೆ ಎರಡೇ ಮಾತು. ನಿಮ್ಮ ಅಡಿಟಿಪ್ಪಣಿಗಳೆಲ್ಲ ಇತ್ತೀಚಿನ ಪಠ್ಯಪುಸ್ತಕಗಳಿಗೆ ಕೈತೋರಿಸುತ್ತವೆ. ಬರ್ಕ್ಲಿಯ ವಿಶ್ವವಿದ್ಯಾಲಯ ಗ್ರಂಥಾಲಯ 1964ರ ಆ ವಿದ್ಯಾರ್ಥಿ ಚಳವಳಿಯ ಕರಪತ್ರಗಳನ್ನೂ ಪತ್ರಗಳನ್ನೂ ಯಾರು ಬೇಕಾದರೂ ಓದುವಂತೆ ಡಿಜಿಟಲ್ ರೂಪದಲ್ಲಿ ಇಟ್ಟಿದೆ. ಅಲ್ಲೊಂದು ವಾರ ಕಳೆಯಿರಿ. ಆ ವಾರವೇ ಅಚ್ಚಾದ ಕರಪತ್ರವನ್ನೂ ಮೂವತ್ತು ವರ್ಷದ ನಂತರ ಯಾರೋ ನೆನಪಿಸಿಕೊಂಡು ಹೇಳಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ವುಡ್‌ಸ್ಟಾಕ್ ಉತ್ಸವ ವುಡ್‌ಸ್ಟಾಕ್ ಊರಿನಲ್ಲಿ ನಡೆಯಲಿಲ್ಲ, ಬೆಥೆಲ್ ಎಂಬಲ್ಲಿನ ಹೈನುಗಾರರೊಬ್ಬರ ಹೊಲದಲ್ಲಿ ನಡೆಯಿತು. ಇಂಥ ತಪ್ಪನ್ನು ಪರೀಕ್ಷಕರು ಮೊದಲ ಓದಿಗೇ ಹಿಡಿಯುತ್ತಾರೆ.

ಬರ್ಕ್ಲಿಯ ಆ ಎರಡೂವರೆ ವರ್ಷಗಳನ್ನು ಹನ್ನೆರಡು ಪುಟಗಳಲ್ಲಿ ಬರೆದು, ಮೊದಲು ನಿಮ್ಮ ಮಾರ್ಗದರ್ಶಕರಿಗೆ ತೋರಿಸಿ, ಬಳಿಕ ನನಗೆ ಕಳಿಸಿ. ದೊಡ್ಡಪ್ಪನವರು ಆ ಕಾಲದಲ್ಲಿ ಮನೆಗೆ ಬರೆದ ಕಾಗದಗಳೇನಾದರೂ ಉಳಿದಿದ್ದರೆ ಅವುಗಳ ನಕಲನ್ನೂ ಜೊತೆಗಿಡಿ. ನಾನು ಓದಲು ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ