ಸಿಲ್ವರ್ ಆಪಲ್ಸ್: ಒಂಬತ್ತು ಆಸಿಲೇಟರ್, ಒಬ್ಬ ಡ್ರಮ್ಮರ್

ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಎಲ್ಲರ ಕೈಗೆ ಸಿಗುವ ಮೊದಲೇ ಎಲೆಕ್ಟ್ರಾನಿಕ್ ಸದ್ದು ಹಿಡಿದು ಹೊರಟ, ಹೆಚ್ಚು ಜನ ಕೇಳಿರದ ಸೈಕೆಡೆಲಿಕ್ (ಕನಸಿನ ಅಮಲಿನಂಥ ಸದ್ದಿನ) ರಾಕ್ ಬ್ಯಾಂಡ್ ಯಾವುದಾದರೂ ಇದೆಯಾ, ಇದ್ದರೆ ಎಲ್ಲಿಂದ ಕೇಳಲು ಶುರು ಮಾಡಲಿ ಅಂತ ಕೇಳಿದ್ದೀರಿ. ಇಂಥವು ನಾಲ್ಕೈದು ಇವೆ. ಆದರೆ ಒಂದನ್ನೇ ಹೇಳು ಅಂದರೆ ನಾನು ಹೇಳುವುದು ನ್ಯೂಯಾರ್ಕಿನ ಸಿಲ್ವರ್ ಆಪಲ್ಸ್.

ಇಬ್ಬರೇ ಇದ್ದ ಬ್ಯಾಂಡ್ ಇದು. ಸಿಮಿಯನ್ ಕಾಕ್ಸ್ ತಾವೇ ಜೋಡಿಸಿದ ಒಂದು ಎಲೆಕ್ಟ್ರಾನಿಕ್ ಯಂತ್ರ ನುಡಿಸುತ್ತಾ ಹಾಡುತ್ತಿದ್ದರು, ಡ್ಯಾನಿ ಟೇಲರ್ ಡ್ರಮ್ಸ್ ಬಾರಿಸುತ್ತಿದ್ದರು. ಗಿಟಾರ್ ಇಲ್ಲ, ಬೇಸ್ ಇಲ್ಲ, ಕೀಬೋರ್ಡ್ ಕೂಡ ಇಲ್ಲ. ಇವರ ಬಗ್ಗೆ ಬರೆಯುವವರೆಲ್ಲ ಆ ಯಂತ್ರದ ಬಗ್ಗೆಯೇ ಜಾಸ್ತಿ ಬರೆಯುತ್ತಾರೆ. ನಾನೂ ಬರೆಯುತ್ತೇನೆ, ಅದನ್ನು ಬಿಟ್ಟರೆ ಕಥೆಯೇ ಇಲ್ಲ. ಆದರೆ ವರ್ಷಗಟ್ಟಲೆ ಕೇಳಿದ ಮೇಲೆ ನನಗೆ ಅನ್ನಿಸಿರುವುದೇ ಬೇರೆ. ಈ ಹಾಡುಗಳನ್ನು ಎತ್ತಿ ನಿಲ್ಲಿಸಿರುವುದು ಡ್ಯಾನಿಯವರ ಡ್ರಮ್ಸ್.

ಮೊದಲು ಯಂತ್ರದ ವಿಷಯಕ್ಕೆ ಬರೋಣ. 1967ರಲ್ಲಿ ಸಿಮಿಯನ್ ಮತ್ತು ಡ್ಯಾನಿ ಓವರ್‌ಲ್ಯಾಂಡ್ ಸ್ಟೇಜ್ ಎಲೆಕ್ಟ್ರಿಕ್ ಬ್ಯಾಂಡ್ ಅನ್ನುವ ಒಂದು ಮಾಮೂಲಿ ರಾಕ್ ತಂಡದಲ್ಲಿದ್ದರು. ಸಿಮಿಯನ್ ಅದರ ಹಾಡುಗಾರ. ಗಿಟಾರ್‌ನವರು ಉದ್ದುದ್ದ ಸೋಲೋ ಬಾರಿಸುವಾಗ ಇವರಿಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಸ್ನೇಹಿತರೊಬ್ಬರ ಹತ್ತಿರ 1940ರ ದಶಕದ ಒಂದು ಹಳೇ ಆಡಿಯೋ ಆಸಿಲೇಟರ್ ಇತ್ತು. ಅದನ್ನು ತಂದು ಆಂಪ್ಲಿಫೈಯರ್‌ಗೆ ಸಿಕ್ಕಿಸಿ ಹಾಡಿನ ಮಧ್ಯೆ ಊಳಿಡಿಸತೊಡಗಿದರು. ಗಿಟಾರ್‌ನವರಿಗೆ ಅದು ಸುತರಾಂ ಹಿಡಿಸಲಿಲ್ಲ. ಒಬ್ಬೊಬ್ಬರಾಗಿ ತಂಡ ಬಿಟ್ಟರು. ಕೊನೆಗೆ ಉಳಿದವರು ಡ್ಯಾನಿ ಒಬ್ಬರೇ. ಏಟ್ಸ್ ಕವಿಯ ಒಂದು ಸಾಲಿನಿಂದ ಹೊಸ ಹೆಸರು ತೆಗೆದುಕೊಂಡು ಇಬ್ಬರೇ ಮುಂದುವರಿದರು.

ಆಸಿಲೇಟರ್ ಅಂದರೇನು ಅಂತ ಇಲ್ಲಿ ಒಂದು ಮಾತು ಹೇಳಬೇಕು. ಎಲೆಕ್ಟ್ರಾನಿಕ್ಸ್ ಓದಿದವರು ಇದನ್ನು ಕಾಲೇಜಿನ ಲ್ಯಾಬಿನಲ್ಲಿ ಕೈಯಾರೆ ಮುಟ್ಟಿರುತ್ತಾರೆ. ಸಿಗ್ನಲ್ ಜನರೇಟರ್ ಅಂತ ಒಂದು ಡಬ್ಬ ಇರುತ್ತಲ್ಲ, ಅದೇ. ನಾವು ಅದನ್ನು ಸಿಆರ್‌ಓಗೆ (ಸಿಗ್ನಲ್‌ನ ಅಲೆ ತೋರಿಸುವ ಪರದೆಯ ಉಪಕರಣ) ಕೊಟ್ಟು, ಪರದೆ ಮೇಲೆ ಸೈನ್ ವೇವ್ ನೋಡಿ, ರೀಡಿಂಗ್ ಬರೆದುಕೊಂಡು ಎದ್ದು ಬರುತ್ತಿದ್ದೆವು. ಒಂದು ಸಂಜೆ ಲ್ಯಾಬ್ ಖಾಲಿ ಇದ್ದಾಗ ನಾನು ಅದರ ತಂತಿಗಳನ್ನು ಒಂದು ಸಣ್ಣ ಸ್ಪೀಕರ್‌ಗೆ ಕೊಟ್ಟೆ. "ಕೂ..." ಅಂತ ಒಂದೇ ಸ್ವರ. ಉಸಿರಿಲ್ಲ, ಏರಿಳಿತವಿಲ್ಲ. ಗುಂಡಿಯನ್ನು ಮೆಲ್ಲಗೆ ತಿರುಗಿಸಿದರೆ ಸ್ವರ ಮೇಲಕ್ಕೆ ಜಾರುತ್ತಾ ಹೋಗುತ್ತದೆ. ಬೇಕಾದ ಜಾಗದಲ್ಲಿ ನಿಲ್ಲಿಸೋಣ ಅಂದರೆ ಕೂದಲೆಳೆಯಷ್ಟು ಅತ್ತ ಇತ್ತ ಆಗಿಬಿಡುತ್ತದೆ. ಒಂದು "ಸ" ಹಿಡಿದು ಅಲ್ಲಿಂದ "ಪ"ಗೆ ಹೋಗಿ ಮತ್ತೆ ಅದೇ "ಸ"ಗೆ ಬರಲು ಅರ್ಧ ಗಂಟೆ ಒದ್ದಾಡಿದೆ. ಆಗಲಿಲ್ಲ. ಸಿಲ್ವರ್ ಆಪಲ್ಸ್ ಕೇಳುವಾಗಲೆಲ್ಲ ಆ ಗುಂಡಿ ಬೆರಳಿಗೆ ನೆನಪಾಗುತ್ತದೆ.

ಮೂಗ್ ಸಿಂಥಸೈಜರ್ ಆಗಲೇ ಮಾರುಕಟ್ಟೆಯಲ್ಲಿತ್ತು, ಆದರೆ ಬೆಲೆ ಸಾವಿರಾರು ಡಾಲರ್. ಸಿಮಿಯನ್ ಒಂದೊಂದೇ ಆಸಿಲೇಟರ್ ಕೂಡಿಸುತ್ತಾ ಹೋದರು. ಮೊದಲ ಆಲ್ಬಮ್ ಬರುವ ಹೊತ್ತಿಗೆ ಒಂಬತ್ತು ಆಸಿಲೇಟರ್, ಅವನ್ನು ನಡೆಸಲು 86 ಗುಂಡಿ-ಸ್ವಿಚ್ಚುಗಳು ಅಂತ ಆಲ್ಬಮ್ ಕವರ್ ಮೇಲೇ ಬರೆದಿತ್ತು. ಆ ಇಡೀ ಸಾಮಾನಿಗೆ "ದ ಸಿಮಿಯನ್" ಅಂತಲೇ ಹೆಸರು. ಪ್ರತಿ ಆಸಿಲೇಟರನ್ನೂ ಹಾಡಿಗೆ ಬೇಕಾದ ಒಂದು ಸ್ವರಕ್ಕೆ ಮೊದಲೇ ಸೇರಿಸಿ ಇಡುವುದು. ಆಮೇಲೆ ಟೆಲಿಗ್ರಾಫ್ ಕೀ ಒತ್ತಿದಾಗ ಸದ್ದು, ಬಿಟ್ಟಾಗ ಮೌನ. ಹೌದು, ತಂತಿ ಕಳಿಸಲು ಟಕ್ ಟಕ್ ಒತ್ತುತ್ತಿದ್ದ ಅದೇ ಕೀ. ಕೈಯಲ್ಲಿ ಲೀಡ್ ಮತ್ತು ರಿದಮ್, ಕಾಲಲ್ಲಿ ಬೇಸ್, ಸಾಲದಿದ್ದರೆ ಮೊಣಕೈ. ಇಷ್ಟರ ನಡುವೆ ಹಾಡಲೂ ಬೇಕು.

ಇಲ್ಲೇ ನೋಡಿ ವಿಷಯ ಇರುವುದು. ಬೆರಳೆಣಿಕೆಯ ಸ್ವರಗಳು, ಅವೂ ಬರೀ ಆನ್ ಮತ್ತು ಆಫ್. ಗಮಕ ಇಲ್ಲ, ಜೋರು-ಮೆಲ್ಲ ಇಲ್ಲ. ಇಂಥದ್ದರಲ್ಲಿ ಹಾಡು ಕಟ್ಟಬೇಕಾದರೆ ಜೀವ ತುಂಬುವ ಕೆಲಸ ಡ್ರಮ್ಮರ್ ಮೇಲೆ ಬೀಳುತ್ತದೆ. ಡ್ಯಾನಿ ಮಾಡಿದ್ದೇನು ಅಂದರೆ, ತಮ್ಮ ಡ್ರಮ್‌ಗಳನ್ನೂ ಸ್ವರಕ್ಕೆ ಸೇರಿಸಿದರು. ನಮ್ಮ ಕಡೆ ಮೃದಂಗವನ್ನು ಶ್ರುತಿಗೆ ಸೇರಿಸದೆ ಯಾರೂ ಕೂರುವುದೇ ಇಲ್ಲ, ಆದ್ದರಿಂದ ನಮಗೆ ಇದು ವಿಶೇಷ ಅನ್ನಿಸದೇ ಇರಬಹುದು. ಆದರೆ ಅಲ್ಲಿನ ರಾಕ್ ಡ್ರಮ್ಮರ್‌ಗಳಲ್ಲಿ ಹಾಡಿನ ಸ್ವರ ನೋಡಿ ಡ್ರಮ್ ಕೂರಿಸುವ ರೂಢಿ ಕಡಿಮೆ. ದೊಡ್ಡ ಸೆಟ್, ಸಾಲು ಸಾಲು ಟಾಮ್‌ಗಳು (ಸೆಟ್‌ನಲ್ಲಿರುವ ಬೇರೆ ಬೇರೆ ಅಳತೆಯ ಡ್ರಮ್‌ಗಳು), ಒಂದೊಂದಕ್ಕೂ ಒಂದೊಂದು ಸ್ವರ. ತಬಲಾ ತರಂಗ ಕೇಳಿದ್ದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಯಂತ್ರ ಒಂದು ಸ್ವರದ ಮೇಲೆ ತಂಬೂರಿಯ ಹಾಗೆ ನಿಂತಿರುತ್ತದೆ, ಹಾಡಿನ ಓಡಾಟವೆಲ್ಲ ಡ್ರಮ್‌ನಲ್ಲಿ. ತಾಳ ಹಿಡಿಯುವವರೇ ರಾಗದ ಅರ್ಧ ಹೊರೆ ಹೊತ್ತ ಹಾಗೆ.

ಬ್ಯಾಂಡಿನ ಹೆಸರನ್ನೇ ಇಟ್ಟುಕೊಂಡ ಮೊದಲ ಆಲ್ಬಮ್ 1968ರಲ್ಲಿ ಕಾಪ್ ರೆಕಾರ್ಡ್ಸ್‌ನಿಂದ ಬಂತು. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 193ನೇ ಸ್ಥಾನದವರೆಗೆ ಹೋಯಿತು. 1969ರಲ್ಲಿ ಎರಡನೆಯದು, "ಕಾಂಟ್ಯಾಕ್ಟ್". ಅದರ ಕವರ್ ಇವರಿಗೆ ಮುಳುವಾಯಿತು. ಮುಂದೆ ಪ್ಯಾನ್ ಆಮ್ ವಿಮಾನದ ಕಾಕ್‌ಪಿಟ್‌ನಲ್ಲಿ ಇಬ್ಬರೂ ಕೂತಿರುವ ಫೋಟೋ, ಅದಕ್ಕೆ ಕಂಪನಿ ಒಪ್ಪಿಗೆ ಕೊಟ್ಟಿತ್ತು. ಕವರ್ ತಿರುಗಿಸಿದರೆ ಅಪಘಾತದಲ್ಲಿ ಚೂರಾದ ವಿಮಾನದ ಅವಶೇಷದ ನಡುವೆ ಅದೇ ಇಬ್ಬರು. ಪ್ಯಾನ್ ಆಮ್ ಕೋರ್ಟಿಗೆ ಹೋಯಿತು. ಆಲ್ಬಮ್ ಅಂಗಡಿಗಳಿಂದ ಮಾಯವಾಯಿತು. ಅಷ್ಟರಲ್ಲಿ ಕಾಪ್ ರೆಕಾರ್ಡ್ಸ್ ಸ್ಥಿತಿಯೂ ನೆಟ್ಟಗಿರಲಿಲ್ಲ. ಮೂರನೆಯ ಆಲ್ಬಮ್ಮಿನ ಕೆಲಸ ನಡೆಯುತ್ತಿರುವಾಗಲೇ, 1970ರಲ್ಲಿ ಬ್ಯಾಂಡ್ ನಿಂತುಹೋಯಿತು. ಎರಡೇ ಎರಡು ಆಲ್ಬಮ್! ಇನ್ನೂ ಹತ್ತು ವರ್ಷ ಇವರು ಒಟ್ಟಿಗಿದ್ದಿದ್ದರೆ ಏನೇನು ಮಾಡುತ್ತಿದ್ದರೋ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಸದ್ದಿಲ್ಲ. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಒಂದು ಲೇಬಲ್ ಇವರನ್ನು ಕೇಳದೆಯೇ ಎರಡೂ ಆಲ್ಬಮ್‌ಗಳನ್ನು ಸೇರಿಸಿ ಸಿಡಿ ತಂದಿತು. ಮಾಡಿದ್ದು ತಪ್ಪೇ. ಆದರೆ ಹೊಸ ತಲೆಮಾರಿನವರ ಕಿವಿಗೆ ಇವರು ಬಿದ್ದದ್ದು ಅದರಿಂದ. 1996ರಲ್ಲಿ ಸಿಮಿಯನ್ ಬೇರೆ ಸಂಗಾತಿಗಳ ಜೊತೆ ಮತ್ತೆ ವೇದಿಕೆಗೆ ಬಂದರು. ಡ್ಯಾನಿ ಎಲ್ಲಿದ್ದಾರೆ ಅಂತಲೂ ಪತ್ತೆಯಾಯಿತು. ಅರ್ಧಕ್ಕೆ ನಿಂತಿದ್ದ ಮೂರನೆಯ ಆಲ್ಬಮ್ಮಿನ ಟೇಪುಗಳು ಡ್ಯಾನಿಯವರ ಹತ್ತಿರವೇ ಇದ್ದವು. ಅದು "ದ ಗಾರ್ಡನ್" ಅನ್ನುವ ಹೆಸರಿನಲ್ಲಿ 1998ರಲ್ಲಿ ಬಂತು. ಇಬ್ಬರೂ ಮತ್ತೆ ಒಟ್ಟಿಗೆ ಬಾರಿಸತೊಡಗಿದ ಆ ವರ್ಷವೇ ಅವರ ವ್ಯಾನ್ ಅಪಘಾತಕ್ಕೆ ಸಿಕ್ಕಿ ಸಿಮಿಯನ್ ಅವರ ಕತ್ತಿನ ಮೂಳೆ ಮುರಿಯಿತು. ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. 2005ರಲ್ಲಿ ಡ್ಯಾನಿ ತೀರಿಕೊಂಡರು.

ಇನ್ನು ಎಲ್ಲಿಂದ ಶುರು ಮಾಡುವುದು ಅನ್ನುವ ಪ್ರಶ್ನೆ. ಮೊದಲ ಆಲ್ಬಮ್‌ನ ಮೊದಲ ಹಾಡು "ಆಸಿಲೇಷನ್ಸ್". ಇಯರ್‌ಫೋನ್ ಹಾಕಿಕೊಂಡೇ ಕೇಳಿ, ಫೋನ್ ಸ್ಪೀಕರ್‌ನಲ್ಲಿ ಕೆಳಗಿನ ಸ್ವರಗಳು ಕೇಳಿಸುವುದೇ ಇಲ್ಲ. ಸಿಮಿಯನ್ ಅವರ ದನಿ ಸ್ವಲ್ಪ ನಡುಗುವ ದನಿ, ಮೊದಲ ಸಲ ವಿಚಿತ್ರ ಅನ್ನಿಸುತ್ತದೆ. ಎರಡು ಸಲ ಕೇಳಿ, ಒಗ್ಗುತ್ತದೆ. ಆಮೇಲೆ "ಪ್ರೋಗ್ರಾಂ". ಅದರಲ್ಲಿ ಹಾಡಿನ ನಡುನಡುವೆ ರೇಡಿಯೋ ಸ್ಟೇಷನ್‌ಗಳ ತುಣುಕು ಬಂದು ಹೋಗುತ್ತವೆ. ಮೀಡಿಯಂ ವೇವ್‌ನಲ್ಲಿ ಮುಳ್ಳು ತಿರುಗಿಸುತ್ತಾ ಬೆಳೆದವರಿಗೆ ಅದರ ಸುಖವೇ ಬೇರೆ. ಎರಡನೆಯ ಆಲ್ಬಮ್‌ನಿಂದ "ಎ ಪಾಕ್ಸ್ ಆನ್ ಯೂ", ಅದರ ಜೊತೆಗೆ "ರೂಬಿ". ಅದರಲ್ಲಿ ಸಿಮಿಯನ್ ಬ್ಯಾಂಜೋ ಬಾರಿಸಿದ್ದಾರೆ. ಹಳ್ಳಿಗಾಡಿನ ತಂತಿವಾದ್ಯ ಮತ್ತು ಲ್ಯಾಬಿನ ಡಬ್ಬ ಒಟ್ಟಿಗೆ!

ಇವೆಲ್ಲ ಹಿಡಿಸಿದರೆ ಅದೇ ಕಾಲದ ದ ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ ಬ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೋದ ಫಿಫ್ಟಿ ಫುಟ್ ಹೋಸ್, ಲಂಡನ್ನಿನ ವೈಟ್ ನಾಯ್ಸ್ ಕೂಡ ಹುಡುಕಿ. ಎಲ್ಲವೂ ಚೆನ್ನಾಗಿವೆ. ಆದರೆ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಗಟ್ಟಿಯಾದ ಹಾಡು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕೊನೆಗೆ ಒಂದು ಮಾತು. ಡ್ಯಾನಿ ಹೋದ ಮೇಲೆ ಸಿಮಿಯನ್ ಬೇರೆ ಡ್ರಮ್ಮರ್ ಹುಡುಕಲಿಲ್ಲ. 2007ರಿಂದ ಒಬ್ಬರೇ ವೇದಿಕೆ ಹತ್ತತೊಡಗಿದರು. ಡ್ಯಾನಿ ಬಾರಿಸಿದ್ದ ಡ್ರಮ್ ಸದ್ದುಗಳನ್ನೇ ತುಣುಕು ತುಣುಕಾಗಿ ಜೋಡಿಸಿಕೊಂಡು, ಅದರ ಮೇಲೆ ಆಸಿಲೇಟರ್ ನುಡಿಸಿ ಹಾಡುತ್ತಿದ್ದರು. 2020ರ ಸೆಪ್ಟೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ ಅವರೂ ತೀರಿಕೊಂಡರು. ಆ ಕೊನೆಯ ವರ್ಷಗಳ ಕಾರ್ಯಕ್ರಮಗಳ ವಿಡಿಯೋಗಳು ನೆಟ್‌ನಲ್ಲಿ ಸಿಗುತ್ತವೆ. ಮೇಜಿನ ಹಿಂದೆ ಹ್ಯಾಟ್ ಹಾಕಿಕೊಂಡ ಒಬ್ಬ ವಯಸ್ಸಾದವರು, ಪಕ್ಕದಲ್ಲಿ ಯಾರೂ ಇಲ್ಲ, ಡ್ರಮ್ಸ್ ಮಾತ್ರ ಕೇಳಿಸುತ್ತಿರುತ್ತದೆ. ಹಳೆಯ ಆಲ್ಬಮ್‌ಗಳನ್ನು ಕೇಳಿ ಮುಗಿಸಿ, ಆಮೇಲೆ ಅದನ್ನು ನೋಡಿ.