ಎಟಿಆರ್‌ಗೆ ಕೋ-ಪೈಲಟ್ ಆಗಿ ಸೇರುವ ಮುಂಚೆ ಏನು ತಯಾರಿ ಮಾಡಿಕೊಳ್ಳಬೇಕು?

ಪ್ರಶ್ನೆ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿದಿದೆ, 200 ಗಂಟೆ ಹಾರಿದ್ದೇನೆ. ಸಣ್ಣ ಊರುಗಳಿಗೆ ಹಾರುವ ಒಂದು ಏರ್‌ಲೈನ್‌ನಲ್ಲಿ ಎಟಿಆರ್ (ಎರಡು ಪ್ರೊಪೆಲರ್‌ನ ಸಣ್ಣ ಪ್ರಯಾಣಿಕ ವಿಮಾನ) ಕೋ-ಪೈಲಟ್ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಸೇರಬೇಕು. ಏನು ಓದಿಕೊಂಡು ಹೋಗಲಿ? ಪ್ರೊಪೆಲರ್ ವಿಮಾನಕ್ಕೆ ಸೇರಿದರೆ ಮುಂದೆ ಜೆಟ್ ಸಿಗುವುದು ಕಷ್ಟವಾ?

ಮೊದಲು ಅಭಿನಂದನೆ. ಸಿಪಿಎಲ್ ಕೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಿರುವವರು ಎಷ್ಟೋ ಜನ ಇದ್ದಾರೆ. ನಾನೂ ಎಟಿಆರ್‌ಗೇ ಕೋ-ಪೈಲಟ್ ಆಗಿ ಸೇರಿದವನು, ಈಗ ಅದರಲ್ಲೇ ಕ್ಯಾಪ್ಟನ್. ಹೊಸಬರ ಜೊತೆ ಆಗಾಗ ಹಾರುತ್ತೇನೆ. ಪಕ್ಕದ ಸೀಟಿನಿಂದ ಕಂಡದ್ದನ್ನು ಹೇಳುತ್ತೇನೆ.

ಹೊಸಬರಿಗೆ ವಿಮಾನ ಹಾರಿಸಲು ಬರುವುದಿಲ್ಲ ಅಂತಲ್ಲ. ಅವರಿಗೆ ಸಾಲದೇ ಹೋಗುವುದು ಸಮಯ. ನೀವು ಕಲಿತ ಸೆಸ್ನಾ ತರಬೇತಿ ವಿಮಾನ ನೂರು ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ಆಸುಪಾಸಿನಲ್ಲಿ ಹೋಗುತ್ತದೆ. ಎಟಿಆರ್ 72-600 ಅದರ ಎರಡೂವರೆ ಪಟ್ಟು ಓಡುತ್ತದೆ. ಆದರೆ ಸೆಕ್ಟರ್, ಅಂದರೆ ಒಂದು ಊರಿನಿಂದ ಇನ್ನೊಂದಕ್ಕೆ ಹಾರುವ ದೂರ, ಚಿಕ್ಕದು. ಬೆಂಗಳೂರಿನಿಂದ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೊರಟರೆ, ಮೇಲೇರಿ ಒಂದು ಮಟ್ಟಕ್ಕೆ ಬಂದು ಉಸಿರು ಬಿಡುವಷ್ಟರಲ್ಲಿ ಇಳಿಯುವ ಕೆಲಸ ಶುರು. ಆ ಸ್ವಲ್ಪ ಹೊತ್ತಿನಲ್ಲೇ ಇಳಿಯುವ ಊರಿನ ಹವಾಮಾನ ಕೇಳಬೇಕು, ಲ್ಯಾಂಡಿಂಗ್ ಸ್ಪೀಡ್ ತೆಗೆಯಬೇಕು, ಅಪ್ರೋಚ್ ಸೆಟ್ ಮಾಡಿ ಬ್ರೀಫಿಂಗ್ ಮುಗಿಸಬೇಕು. ನಡುವೆ ಎಟಿಸಿ (ವಾಯು ಸಂಚಾರ ನಿಯಂತ್ರಣ) ಕರೆಯುತ್ತಲೇ ಇರುತ್ತದೆ. ಅದಕ್ಕೇ ನನ್ನ ಮುಖ್ಯವಾದ ಮಾತು ಇಷ್ಟೇ: ನೆಲದ ಮೇಲೆ ಮುಗಿಸಬಹುದಾದ ಯಾವ ಕೆಲಸವನ್ನೂ ಆಕಾಶಕ್ಕೆ ಒಯ್ಯಬೇಡಿ. ಹೊರಡುವ ಮುಂಚೆಯೇ ಇಳಿಯುವ ರನ್‌ವೇಯ ಚಾರ್ಟ್ ಓದಿಬಿಡಿ. ಮೈಸೂರಿನ ರನ್‌ವೇ 1,740 ಮೀಟರ್, ಬೆಂಗಳೂರಿನದು 4,000 ಮೀಟರ್. ಬೆಳಿಗ್ಗೆ ಒಂದರಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಇಳಿಯುವಾಗ ಆ ವ್ಯತ್ಯಾಸ ಮೊದಲೇ ತಲೆಯಲ್ಲಿ ಇರಬೇಕು.

ತರಬೇತಿಯ ದಾರಿ ಹೀಗಿರುತ್ತದೆ: ಗ್ರೌಂಡ್ ಕ್ಲಾಸ್, ಸಿಮ್ಯುಲೇಟರ್, ಸ್ಕಿಲ್ ಟೆಸ್ಟ್, ಖಾಲಿ ವಿಮಾನದಲ್ಲಿ ಟೇಕ್‌ಆಫ್-ಲ್ಯಾಂಡಿಂಗ್, ಆಮೇಲೆ ಪ್ರಯಾಣಿಕರ ಜೊತೆ ಲೈನ್ ಟ್ರೈನಿಂಗ್, ಕೊನೆಗೆ ರಿಲೀಸ್ ಚೆಕ್. ಈಗಿರುವ ಒಂದು ತಿಂಗಳಲ್ಲಿ ದಪ್ಪ ಮ್ಯಾನುಯಲ್ ಪೂರ್ತಿ ಉರು ಹೊಡೆಯಲು ಹೋಗಬೇಡಿ. ಕಾಕ್‌ಪಿಟ್ ಪೋಸ್ಟರ್ ಒಂದನ್ನು ನಿಜ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ, ಮುಂದೆ ಕುರ್ಚಿ ಹಾಕಿಕೊಂಡು ಕೂರಿ. ಸಂಸ್ಥೆಯವರು ಎಸ್‌ಒಪಿ (ಕೆಲಸದ ನಿಗದಿತ ಕ್ರಮದ ಪುಸ್ತಕ) ಕೊಟ್ಟ ದಿನದಿಂದ ಪ್ರತಿ ಫ್ಲೋವನ್ನೂ, ಅಂದರೆ ಸ್ವಿಚ್‌ಗಳನ್ನು ಮುಟ್ಟುವ ಕ್ರಮವನ್ನು, ಕೈಯಿಂದ ಮುಟ್ಟಿ, ಬಾಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಮನೆಯವರು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ. ಸ್ವಿಚ್ ಎಲ್ಲಿದೆ ಅಂತ ಸಿಮ್ಯುಲೇಟರ್‌ನಲ್ಲಿ ಹುಡುಕುತ್ತಾ ಕೂತರೆ ಕಲಿಯಬೇಕಾದದ್ದು ಕಲಿಯುವುದಕ್ಕೇ ಆಗುವುದಿಲ್ಲ.

ಈ ವಿಮಾನದ ಸ್ವಭಾವ ಸ್ವಲ್ಪ ಹೇಳುತ್ತೇನೆ. ಎಟಿಆರ್‌ನಲ್ಲಿ ಆಟೋಥ್ರಾಟಲ್ (ಎಂಜಿನ್ ಪವರನ್ನು ತಾನೇ ಹೊಂದಿಸುವ ವ್ಯವಸ್ಥೆ) ಇಲ್ಲ. ಆಟೋಪೈಲಟ್ ಹಾಕಿದ್ದರೂ ಸ್ಪೀಡ್ ನಿಮ್ಮ ಕೈಯಲ್ಲೇ. ಪವರ್ ಲಿವರ್ ಪೂರ್ತಿ ಹಿಂದಕ್ಕೆ ಎಳೆದರೆ ಆ ಆರಾರು ಬ್ಲೇಡಿನ ಎರಡು ಪ್ರೊಪೆಲರ್‌ಗಳು ಬ್ರೇಕ್ ಹಾಕಿದ ಹಾಗೆ ವೇಗವನ್ನು ತಿಂದುಬಿಡುತ್ತವೆ. ಪವರ್ ಬದಲಾದಾಗಲೆಲ್ಲ ಮೂಗು ಪಕ್ಕಕ್ಕೆ ಎಳೆಯುತ್ತದೆ, ರಡರ್ ಮೇಲಿನ ಕಾಲು ಸುಮ್ನೆ ಇರುವಂತಿಲ್ಲ. ಇನ್ನೊಂದು ವಿಶೇಷ, ಇದರಲ್ಲಿ ಎಪಿಯು, ಅಂದರೆ ನೆಲದ ಮೇಲೆ ಕರೆಂಟು, ಗಾಳಿ ಕೊಡುವ ಚಿಕ್ಕ ಸಹಾಯಕ ಎಂಜಿನ್, ಇಲ್ಲ. ನಿಲ್ದಾಣದಲ್ಲಿ ನಿಂತಾಗ ಬಲಗಡೆಯ ಪ್ರೊಪೆಲರ್‌ಗೆ ಬ್ರೇಕ್ ಹಾಕಿ, ಎಂಜಿನ್ ಮಾತ್ರ ಓಡಿಸುತ್ತೇವೆ. ಇದಕ್ಕೆ ಹೋಟೆಲ್ ಮೋಡ್ ಅಂತಾರೆ. ಪ್ರೊಪೆಲರ್ ನಿಂತಿರುತ್ತದೆ, ಎಂಜಿನ್ ಶಬ್ದ ಮಾಡುತ್ತಿರುತ್ತದೆ, ಒಳಗೆ ಕರೆಂಟು, ತಂಪು ಗಾಳಿ ಎರಡೂ ಇರುತ್ತದೆ. ಬಿಸಿಲಲ್ಲಿ ಕಲಬುರಗಿಯಂಥ ಊರಲ್ಲಿ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ.

ಲಿವರ್‌ಗಳ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಯೇತಿ ಏರ್‌ಲೈನ್ಸ್‌ನ ಎಟಿಆರ್ ಬಿದ್ದು, ಅದರಲ್ಲಿದ್ದ 72 ಜನರೂ ತೀರಿಕೊಂಡರು. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಲಿವರ್ ಹಾಕಬೇಕಾದ ಹೊತ್ತಿನಲ್ಲಿ, ಪ್ರೊಪೆಲರ್ ಹಿಡಿತದಲ್ಲಿಡುವ ಕಂಡಿಷನ್ ಲಿವರ್‌ಗಳು ಫೆದರ್‌ಗೆ, ಅಂದರೆ ಬ್ಲೇಡುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುವ ಸ್ಥಿತಿಗೆ, ಹೋಗಿದ್ದವು ಅಂತ ತನಿಖೆ ಹೇಳಿತು. ಎರಡೂ ಎಂಜಿನ್ ಓಡುತ್ತಿದ್ದರೂ ಪ್ರೊಪೆಲರ್ ವಿಮಾನವನ್ನು ಮುಂದಕ್ಕೆ ಎಳೆಯುತ್ತಿರಲಿಲ್ಲ. ಆ ವಿಮಾನದಲ್ಲಿದ್ದವರು ನಿಮ್ಮಂತೆ ಹೊಸಬರಲ್ಲ, ಇಬ್ಬರೂ ಕ್ಯಾಪ್ಟನ್‌ಗಳು. ಅದಕ್ಕೇ ನನ್ನ ಜೊತೆ ಹಾರುವವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಲಿವರ್ ಹಿಡಿಯಿರಿ, ಹಿಡಿದದ್ದು ಯಾವುದು ಅಂತ ಕಣ್ಣಲ್ಲಿ ನೋಡಿ, ಆಮೇಲೆ ಸರಿಸಿ. ಸರಿಸಿದ ಮೇಲೆ ಇಂಡಿಕೇಟರ್ ಬದಲಾಯಿತಾ ಅಂತ ನೋಡಿಯೇ ಬಾಯಿ ಬಿಡಿ.

ಬಾಯಿ ಬಿಡುವ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹಿರಿಯರಿಗೆ ಎದುರಾಡಬಾರದು ಅಂತ ಕಲಿಸಿ ಬೆಳೆಸಿರುತ್ತಾರೆ. ಕಾಕ್‌ಪಿಟ್‌ನಲ್ಲಿ "ಸರ್, ಸ್ಪೀಡ್" ಅನ್ನುವುದು ಎದುರಾಡುವುದಲ್ಲ, ಅದು ನಿಮ್ಮ ಕೆಲಸ. ಅಪ್ರೋಚ್ ಸರಿಯಿಲ್ಲ ಅನ್ನಿಸಿದರೆ "ಗೋ ಅರೌಂಡ್" (ಇಳಿಯದೆ ಮತ್ತೆ ಮೇಲೇರೋಣ) ಅಂತ ಗಟ್ಟಿಯಾಗಿ ಹೇಳಿ. ಒಳ್ಳೆಯ ಕ್ಯಾಪ್ಟನ್ ಅದನ್ನು ಕೇಳಿ ಖುಷಿಪಡುತ್ತಾರೆ. ಮುಖ ಸಿಂಡರಿಸುವವರೂ ಒಬ್ಬಿಬ್ಬರು ಸಿಗಬಹುದು, ಅವರ ಜೊತೆ ಇನ್ನೂ ಸ್ಪಷ್ಟವಾಗಿ ಹೇಳಿ.

ಹವಾಮಾನವನ್ನು ಪರೀಕ್ಷೆಗಷ್ಟೇ ಅಲ್ಲ, ದಿನಾ ಓದಿ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಏಪ್ರಿಲ್-ಮೇ ಸಂಜೆಯ ಗುಡುಗು ಮೋಡ ಎದುರಾದರೆ ಅದರ ಮೇಲೆ ಹಾರಿ ಹೋಗುವ ಮಾತೇ ಇಲ್ಲ, ಸುತ್ತಿಕೊಂಡೇ ಹೋಗಬೇಕು. ಚಳಿಗಾಲದ ಬೆಳಗಿನ ಜಾವ ಬೆಂಗಳೂರಿನಲ್ಲಿ ಮಂಜು, ಮಳೆಗಾಲದಲ್ಲಿ ಮಲೆನಾಡಿನ ಮೇಲೆ ತಗ್ಗಿನ ಮೋಡ. ವಾಪಸ್ ಬರುವುದಕ್ಕೋ ಬೇರೆ ಊರಿಗೆ ಹೋಗುವುದಕ್ಕೋ ಇಂಧನ ಎಷ್ಟಿದೆ ಅನ್ನುವ ಲೆಕ್ಕ ಕ್ಯಾಪ್ಟನ್ ಕೇಳುವ ಮುಂಚೆಯೇ ನಿಮ್ಮ ಹತ್ತಿರ ಇರಲಿ.

ದಿನಚರಿ ದಣಿಸುತ್ತದೆ. ಬೆಳಗಿನ ಜಾವ ಎದ್ದು ಹೋಗಿ, ನಾಲ್ಕು ಸೆಕ್ಟರ್ ಹಾರುವ ದಿನ ಸಾಮಾನ್ಯ. ಹಾರುವ ಮುಂಚೆ ಬಿಎ ಟೆಸ್ಟ್ ಇದ್ದೇ ಇರುತ್ತದೆ, ಅಂದರೆ ಯಂತ್ರಕ್ಕೆ ಊದಬೇಕು. ಮದ್ಯದ ಅಂಶ ಇರುವ ಮೌತ್‌ವಾಶ್ ಬಳಸುವುದಕ್ಕೂ ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ ಬಿಡುವುದಿಲ್ಲ. ಹಾಗಾಗಿ ನೆಗಡಿ-ಕೆಮ್ಮಿಗೆ ಸಿರಪ್ ಕುಡಿಯುವ ಮುಂಚೆಯೂ ಸಂಸ್ಥೆಯ ಡಾಕ್ಟರನ್ನು ಕೇಳಿ. ರಜೆಯ ದಿನ ನಿದ್ದೆಗೆ ಮೊದಲ ಜಾಗ ಕೊಡಿ, ಮದುವೆ-ಮುಂಜಿ ಆಮೇಲೆ.

ಇನ್ನು ಜೆಟ್ ಪ್ರಶ್ನೆ. ಎಟಿಆರ್‌ನಿಂದ ಏರ್‌ಬಸ್‌ಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಇಂಡಿಗೊದಂಥ ಸಂಸ್ಥೆ ಎರಡನ್ನೂ ಹಾರಿಸುತ್ತದೆ. ಎಟಿಪಿಎಲ್‌ಗೆ (ಏರ್‌ಲೈನ್ ಪೈಲಟ್ ಲೈಸೆನ್ಸ್) ಬೇಕಾದ 1,500 ಗಂಟೆಗೆ ಇಲ್ಲಿ ಹಾರಿದ್ದೂ ಸೇರುತ್ತದೆ. ಅಷ್ಟೇ ಗಂಟೆಗೆ ಜೆಟ್‌ನವರಿಗಿಂತ ಟೇಕ್‌ಆಫ್, ಲ್ಯಾಂಡಿಂಗ್ ನಿಮಗೆ ಜಾಸ್ತಿ ಸಿಗುತ್ತವೆ. ನನ್ನನ್ನು ಕೇಳಿದರೆ ಕೈ ಪಳಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಬಾಂಡ್ (ಕೆಲಸ ಬಿಡುವುದಿಲ್ಲವೆಂಬ ಕರಾರು) ಬಗ್ಗೆ ಮಾತ್ರ ಹುಷಾರಾಗಿರಿ. ಟೈಪ್ ರೇಟಿಂಗ್ (ಈ ವಿಮಾನ ಹಾರಿಸುವ ಅರ್ಹತೆ) ಖರ್ಚು ಯಾರದು, ಎಷ್ಟು ವರ್ಷ ಬಿಡುವಂತಿಲ್ಲ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ತರಬೇತಿ ವೇಳೆಯಲ್ಲಿ ಸಂಬಳ ಎಷ್ಟು, ಇಷ್ಟನ್ನೂ ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಮನೆಯವರು ಸಾಲ ಮಾಡಿ ಓದಿಸಿದ್ದರೆ ಬಾಂಡನ್ನು ಅವರ ಎದುರಿಗೇ ಓದಿ.